ಪಾರ್ಕರರ ಮೂಗಿಗೆ ಬಂದ ಅಪವಾದ

ಕೇಳುಗರಿಗೆ ನಮಸ್ಕಾರ.

ತನಗೆ ಸಂಬಂಧವಿಲ್ಲದ ವಿಷಯಕ್ಕೆ ತಲೆ ಹಾಕುವವರನ್ನು ಕಂಡರೆ ನಾವು ‘ಊರ ಉಸಾಬರಿ ನಿನಗೇಕೆ’ ಎಂದು ಗದರಿಸುತ್ತೇವೆ, ‘ಎಲ್ಲದರಲ್ಲೂ ಮೂಗು ತೂರಿಸಬೇಡ’ ಎನ್ನುತ್ತೇವೆ. ಇಂಗ್ಲಿಷರ ಆಡುಮಾತಿನಲ್ಲಿಯೂ ಇಂಥವರ ಗುರುತು ಮೂಗೇ. ಆದರೆ ಅವರು ಆ ಮೂಗಿಗೆ ಒಂದು ಮನೆತನದ ಹೆಸರನ್ನೂ ಅಂಟಿಸಿ ‘ನೋಸಿ ಪಾರ್ಕರ್’ ಎಂದು ಕರೆಯುತ್ತಾರೆ. ಯಾರು ಈ ಪಾರ್ಕರ್ ಎಂದು ಕೇಳಿದರೆ ಬಹಳ ಮಂದಿ ಬೆರಳು ತೋರಿಸುವುದು ಮ್ಯಾಥ್ಯೂ ಪಾರ್ಕರ್ ಅವರ ಕಡೆಗೆ. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1559ರಿಂದ 1575ರಲ್ಲಿ ತೀರಿಕೊಳ್ಳುವವರೆಗೂ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಅತಿ ಹಿರಿಯ ಧರ್ಮಗುರು, ಆಗಿದ್ದವರು ಅವರು. ಅವರ ಮೂಗು ಉದ್ದವಾಗಿತ್ತಂತೆ. ಪಾದ್ರಿಗಳ ನಡೆನುಡಿಯನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕಳುಹಿಸಿ ವಿಚಾರಿಸುತ್ತಿದ್ದರಂತೆ. ಹೀಗಾಗಿ ಆ ಹೆಸರು ಬೈಗುಳವಾಯಿತಂತೆ.

ಈ ಕಥೆಯನ್ನು ನಾನು ನಂಬುವುದಿಲ್ಲ. ‘ನೋಸಿ’ ಎಂಬ ಮಾತಿಗೆ ಮೊದಲಿದ್ದದ್ದು ದೊಡ್ಡ ಮೂಗಿನವನು ಎಂಬಷ್ಟೇ ಅರ್ಥ. ವಾಟರ್ಲೂ ಯುದ್ಧವನ್ನು ಗೆದ್ದ ವೆಲಿಂಗ್ಟನ್ ಡ್ಯೂಕನಿಗೂ ಅವನ ಸೈನಿಕರು ಇದೇ ಅಡ್ಡಹೆಸರಿಟ್ಟಿದ್ದರು. ಕೆದಕಿ ಕೇಳುವವನು ಎಂಬ ಅರ್ಥ ಅದಕ್ಕೆ ಕೂಡಿಕೊಂಡದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ‘ನೋಸಿ ಪಾರ್ಕರ್’ ಎಂಬ ಜೋಡಿ ಮಾತು ಅಚ್ಚಿನಲ್ಲಿ ಕಾಣುವುದು 1890ರ ಹೊತ್ತಿಗೆ. 1907ರ ಒಂದು ಚಿತ್ರದ ಪೋಸ್ಟ್‌ಕಾರ್ಡಿನಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಪ್ರೇಮಿಗಳನ್ನು ಇಣುಕಿ ನೋಡುವವನಿಗೆ ಆ ಹೆಸರಿದೆ. ಪಾರ್ಕರ್ ಎಂದರೆ ಉದ್ಯಾನದ ಕಾವಲುಗಾರ ಎಂಬ ಹಳೆಯ ಅರ್ಥವೂ ಇರುವುದರಿಂದ ಮಾತಿನ ಬೇರು ಅಲ್ಲಿಯೇ ಇದ್ದೀತು. ತೀರಿಕೊಂಡು 300 ವರ್ಷಗಳಾದ ಮೇಲೆ ಹುಟ್ಟಿದ ಬೈಗುಳವನ್ನು ಆರ್ಚ್‌ಬಿಷಪ್ಪರ ತಲೆಗೆ ಕಟ್ಟುವುದು ಅನ್ಯಾಯ.

ಅನ್ಯಾಯವೆಂದು ಒತ್ತಿ ಹೇಳಲು ಕಾರಣವಿದೆ. ಎಂಟನೆಯ ಹೆನ್ರಿ ದೊರೆ 1536ರಿಂದ 1540ರವರೆಗೆ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಅವುಗಳ ಪುಸ್ತಕ ಭಂಡಾರಗಳು ದಿಕ್ಕಾಪಾಲಾದವು. ಆ ಹಾಳೆಗಳಿಂದ ಜನರು ಮೇಣದಬತ್ತಿಯ ಸ್ಟ್ಯಾಂಡುಗಳನ್ನು ತಿಕ್ಕಿದರು, ಬೂಟುಗಳನ್ನು ಉಜ್ಜಿದರು, ಉಳಿದದ್ದನ್ನು ದಿನಸಿಯವರಿಗೂ ಸಾಬೂನಿನವರಿಗೂ ಮಾರಿದರು ಎಂದು ಆ ಕಾಲದ ಲೇಖಕ ಜಾನ್ ಬೇಲ್ ನೊಂದು ಬರೆದಿದ್ದಾರೆ. ಹೀಗೆ ಚದುರಿದ್ದನ್ನು ಬೆನ್ನಟ್ಟಿ ಹೋದವರು ಪಾರ್ಕರ್. ಯಾರ ಮನೆಯಲ್ಲಿ ಯಾವ ಹಳೆಯ ಪ್ರತಿ ಉಳಿದಿದೆ ಎಂದು ಹುಡುಕಿಸಲು 1568ರಲ್ಲಿ ರಾಣಿಯ ಮಂತ್ರಾಲೋಚನಾ ಸಭೆಯಿಂದ ಅವರು ಅಧಿಕಾರವನ್ನೇ ಪಡೆದರು. ಮತ್ತೊಬ್ಬರ ಕಪಾಟಿನೊಳಗೆ ಕೈಯಿಡುವ ಈ ಕೆಲಸವನ್ನು ಆಗಲೂ ಕೆಲವರು ಉಸಾಬರಿಯೆಂದೇ ಎಣಿಸಿರಬಹುದು. ಆದರೆ ಇಂಗ್ಲೆಂಡಿನ ಹಳೆಯ ಇತಿಹಾಸವನ್ನು ವರ್ಷವರ್ಷವಾಗಿ ಬರೆದಿಟ್ಟ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ಉಳಿದಿರುವ ಅತ್ಯಂತ ಹಳೆಯ ಪ್ರತಿಯೂ, 6ನೆಯ ಶತಮಾನದಲ್ಲಿ ಇಟಲಿಯಲ್ಲಿ ಬರೆದ, ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಸುವಾರ್ತೆಗಳ ಗ್ರಂಥವೂ ಅವರ ಸಂಗ್ರಹದಲ್ಲಿದ್ದೇ ಇಂದಿನವರೆಗೆ ಬಂದವು. ಓದಿದಲ್ಲೆಲ್ಲ ಕೆಂಪು ಬಣ್ಣದ ಕಡ್ಡಿಯಿಂದ ಗುರುತು ಮಾಡುವುದು ಅವರ ರೂಢಿ. ಹಳೆಯ ಚರ್ಮದ ಹಾಳೆಯ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಆ ಗೆರೆಯನ್ನು ಕಂಡ ಕೂಡಲೇ ವಿದ್ವಾಂಸರು ಇದು ಪಾರ್ಕರರ ಕೈ ಎಂದು ಗುರುತಿಸುತ್ತಾರೆ. ಪರರ ಗ್ರಂಥದ ಮೇಲೆ ಹಾಗೆ ಗೀಚಬಾರದಿತ್ತು ಎಂದು ನನಗೂ ಅನ್ನಿಸುತ್ತದೆ.

ಆ ಸಂಗ್ರಹವನ್ನು ಅವರು ಕೇಂಬ್ರಿಜಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಒಪ್ಪಿಸಿದರು, ಆದರೆ ನಂಬಿ ಕೈಬಿಡಲಿಲ್ಲ. ಪ್ರತಿವರ್ಷ ನೆರೆಯ ಎರಡು ಕಾಲೇಜುಗಳವರು ಬಂದು ಗ್ರಂಥಗಳನ್ನು ಲೆಕ್ಕ ಹಾಕಬೇಕು. ಕಾಣೆಯಾದದ್ದು ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಸಂಗ್ರಹವು ಗಾನ್ವಿಲ್ ಅಂಡ್ ಕೀಸ್ ಕಾಲೇಜಿನ ಪಾಲಾಗಬೇಕು ಎಂದು ಕರಾರು ಬರೆಸಿದರು. ಅವರು ಕಣ್ಣು ಮುಚ್ಚಿ 400 ವರ್ಷಗಳ ಮೇಲಾಗಿದೆ. ಸಂಗ್ರಹವು ಇನ್ನೂ ಕಾರ್ಪಸ್ ಕ್ರಿಸ್ಟಿಯಲ್ಲಿಯೇ ಇದೆ.