ಹದ ಬರೋವರೆಗೂ ದ್ವೀಪಕ್ಕೆ ಇಳಿಯಬೇಡಿ

ನಮಸ್ಕಾರ, ಧಾರವಾಡದಿಂದ ಮಾತಾಡುತ್ತಿದ್ದೇನೆ. ಹೊರಗೆ ಜಿಟಿಜಿಟಿ ಮಳೆ. ಆದರೆ ಇವತ್ತಿನ ಮಾತು ಸಮುದ್ರದ್ದು, ಅದರೊಳಗಿನ ಹವಳದ್ದು.

ಹೋದ ವರ್ಷ ಮನೆಮಂದಿಯೆಲ್ಲ ಅಂಡಮಾನಿಗೆ ಹೋಗಿದ್ದೆವು. ಅಣ್ಣಿಗೇರಿಯ ನಮ್ಮ ಕಾಕಾನೂ ಜೊತೆಗಿದ್ದರು. ದ್ವೀಪಕ್ಕೆ ದೋಣಿ ಹತ್ತುವ ವಂಡೂರಿನ ಜೆಟ್ಟಿಯಲ್ಲಿ ಬ್ಯಾಗು ತೆಗೆಸಿ ನೋಡಿದರು. ಪ್ಲಾಸ್ಟಿಕ್ ಬಾಟಲಿ ಒಳಗೆ ಬಿಡಲ್ಲ. ಕಾಕಾನ ಚುರಮುರಿ ಚೀಲವೂ ಹೊರಗೇ ಉಳಿಯಿತು. ಅಲ್ಲಿಂದಲೇ ಮುಖ ಗಂಟು. ಆಮೇಲೆ ಗೊತ್ತಾಯಿತು: ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ 15 ದ್ವೀಪಗಳಿದ್ದರೂ ಆಗ ನಮಗೆ ತೋರಿಸುವುದು ಜಾಲಿಬಾಯ್ ಒಂದನ್ನೇ. ಮಳೆಗಾಲ ಬಂದರೆ ಅದೂ ಬಂದ್, ಜನ ರೆಡ್ ಸ್ಕಿನ್ ದ್ವೀಪಕ್ಕೆ.

"ಏನೋ ತಮ್ಮಾ, ಇಷ್ಟು ರೊಕ್ಕಾ ಕೊಟ್ಟು ಬಂದೇವಿ. ಹದಿನೈದರಾಗ ಒಂದ?"

ನನಗೆ ನಗು ಬಂತು. ಯಾಕೆ ಅಂದರೆ, ಮಳೆ ನಿಂತ ಮರುದಿನ ಇದೇ ಕಾಕಾನ ಕಪ್ಪು ಎರೆಮಣ್ಣಿನ ಹೊಲಕ್ಕೆ ಯಾರಾದರೂ ಇಳಿದು ನೋಡಲಿ! ಹದ ಬರೋವರೆಗೂ ಅವರು ಎತ್ತು ಇಳಿಸಲ್ಲ, ಮಕ್ಕಳನ್ನೂ ಬಿಡಲ್ಲ. ಹಸಿ ಎರೆ ತುಳಿದರೆ ಗಟ್ಟಿಯಾಗುತ್ತದೆ, ಬೇರು ಇಳಿಯಲ್ಲ. ಇದನ್ನು ಅವರಿಗೆ ಯಾವ ಅಧಿಕಾರಿಯೂ ಹೇಳಿಕೊಟ್ಟಿಲ್ಲ.

ಜಾಲಿಬಾಯ್ ಸುತ್ತಲಿನ ಹವಳವೂ ಹಾಗೇ, ತುಳಿದರೆ ಕೆಡುತ್ತದೆ. ಹವಳ ಅಂದರೆ ಕಲ್ಲು ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಅದು ಪ್ರಾಣಿ. ಪುಟ್ಟ ಪುಟ್ಟ ಜೀವಗಳು ಸೇರಿ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೇ ಸೂಕ್ಷ್ಮ ಪಾಚಿ ವಾಸ. ಬಿಸಿಲಲ್ಲಿ ಅಡುಗೆ ಮಾಡಿ ಹಾಕುವುದು ಆ ಪಾಚಿ. ಬಣ್ಣವೂ ಬಹುಪಾಲು ಅದರದ್ದೇ. ಗುಂಡನೆಯ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಮೊಣಕಾಲೆತ್ತರದ್ದು ಸಿಕ್ಕರೆ ನಮಸ್ಕಾರ ಮಾಡಿ, ಅದು ನನಗಿಂತ ಹಿರಿದು. ಇನ್ನು ಗಿಳಿಮೀನು ಹವಳವನ್ನು ಕಚ್ಚಿ ಅರೆದು ಹಿಂದಿನಿಂದ ಮರಳು ಬಿಡುತ್ತದೆ. ನಾವು ಟವೆಲ್ ಹಾಸಿ ಕೂತ ಬಿಳಿ ಮರಳಲ್ಲಿ ಅದರ ಪಾಲೂ ಉಂಟು. ಕಾಕಾಗೆ ಇದನ್ನು ಹೇಳಿದ್ದು ಊಟ ಆದ ಮೇಲೆ.

ಒಂದು ತಪ್ಪೂ ಒಪ್ಪಿಕೊಳ್ಳುತ್ತೇನೆ. ನೀರಿಗಿಳಿದಾಗ ಮಾಸ್ಕಿನೊಳಗೆ ನೀರು ನುಗ್ಗಿತು. ಗಾಬರಿಯಲ್ಲಿ ಕಾಲೂರಿದೆ. ಕಾಲಡಿ ಕವಲು ಹವಳ ಲಟಕ್ ಅಂತ ಮುರಿಯಿತು. ಒಂದೇ ಹೆಜ್ಜೆ. ದಿನಕ್ಕೆ ಎಷ್ಟು ಜನ, ಎಷ್ಟು ಹೆಜ್ಜೆ, ನೀವೇ ಲೆಕ್ಕ ಹಾಕಿ.

"ಸಮುದ್ರವೇ ಬಿಸಿಯಾಗುತ್ತಿರುವಾಗ ನಮ್ಮ ಬಾಟಲಿ ಹಿಡಿದು ಏನು ಪ್ರಯೋಜನ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ನೀರು ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಉಪವಾಸ ಬೀಳುತ್ತದೆ. 2010ರಲ್ಲಿ ಅಂಡಮಾನಿನಲ್ಲಿ ಇದು ಜೋರಾಗಿಯೇ ಆಯಿತು. ಜೆಟ್ಟಿಯ ತಪಾಸಣೆ ಬಿಸಿನೀರನ್ನು ತಡೆಯಲ್ಲ. ಹಾಗಂತ ಜ್ವರ ಬಂದವನ ಹಾಸಿಗೆ ಮೇಲೆ ನೆಂಟರೆಲ್ಲ ಹೋಗಿ ಕೂರುವುದಾ?

ಥಾಯ್ಲೆಂಡಿನವರು ಮಾಯಾ ಬೇ ಅನ್ನುವ ಕಡಲತೀರವನ್ನು 2018ರಲ್ಲಿ ಮುಚ್ಚಿದರು. ಭಾರೀ ದುಡ್ಡು ತರುತ್ತಿದ್ದ ಜಾಗ ಅದು. ಜನ ಇಲ್ಲದಾಗ ಮರಿ ಶಾರ್ಕ್‌ಗಳು ದಡದ ಹತ್ತಿರಕ್ಕೇ ಬಂದವು. 2022ರಲ್ಲಿ ತೆರೆದರೂ ದೋಣಿಗಳು ಈಗ ಹಿಂಬದಿಯಿಂದಲೇ ಬರಬೇಕು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ನೀರು ಕಾದ ವರ್ಷ ಜಾಲಿಬಾಯ್‌ಗೆ ಸೀಸನ್ ಪೂರ್ತಿ ಬೀಗ ಹಾಕಲಿ. ದೋಣಿಯವರಿಗೆ ಸರ್ಕಾರ ಆ ದಿನಗಳ ಕೂಲಿ ಕೊಡಲಿ. ನನ್ನ ಟಿಕೆಟ್ ಬುಕ್ ಆಗಿದ್ದರೂ ಸರಿ. ಕಾಕಾ ಬಯ್ದರೆ ನಾನು ನೋಡಿಕೊಳ್ಳುತ್ತೇನೆ.