ಹೋದ ತಿಂಗಳು ಎಷ್ಟಿತ್ತು?

ನಮಸ್ಕಾರ, ಊಟ ಆಯ್ತಾ ಎಲ್ಲರದೂ? ಇವತ್ತು ವರ್ಷದ ಹುಣಸೆಹಣ್ಣು ಕೆಡದ ಹಾಗೆ ಇಡುವುದು ಹೇಗೆ ಅಂತ ಮಾತಾಡಬೇಕಿತ್ತು. ಎರಡು ಹಾಳೆ ಬರೆದೂ ಇಟ್ಟಿದ್ದೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಒಂದು ಕಮೆಂಟ್ ಓದಿದೆ ನೋಡಿ, ಹುಣಸೆಹಣ್ಣು ಮುಂದಿನ ವಾರಕ್ಕೆ ಹೋಯಿತು.

ಕೂಪನ್ ಬಗ್ಗೆ ನಾನು ಹಿಂದೆ ಗೊಣಗಿದ್ದಕ್ಕೆ ಬಂದ ಕಮೆಂಟ್ ಹೀಗಿದೆ. "ಮೇಡಂ, ನಿಮಗೆ ಕೂಪನ್ ಹಾಕೋಕೆ ಬರಲ್ಲ, ಅದಕ್ಕೇ ಹೊಟ್ಟೆಕಿಚ್ಚು. ಈ ತಿಂಗಳು ದಿನಸಿಯಲ್ಲಿ ನಾನು 1,840 ರೂಪಾಯಿ ಉಳಿಸಿದ್ದೀನಿ. ಆ್ಯಪೇ ತೋರಿಸಿದೆ."

ಆ್ಯಪೇ ತೋರಿಸಿದೆಯಂತೆ! ಸ್ವಾಮಿ, ಮಾರುವವನೇ ಬಂದು "ನನ್ನಿಂದ ನಿಮಗೆ ಇಷ್ಟು ಲಾಭ ಆಯಿತು" ಅಂತ ಚೀಟಿ ಬರೆದುಕೊಟ್ಟರೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತೀರಾ? ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅದೇ ಸಾಮಾನಿಗೆ ಹೋದ ತಿಂಗಳು ಎಷ್ಟಿತ್ತು? ಅದು ಗೊತ್ತಿದ್ದರೆ ಉಳಿಸಿದ್ದೀರಿ. ಗೊತ್ತಿಲ್ಲದಿದ್ದರೆ ಖರ್ಚು ಮಾಡಿದ್ದೀರಿ, ಅಷ್ಟೇ.

ನಾನೇನು ದೊಡ್ಡ ಜಾಣೆ ಅಲ್ಲ. ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ಆ್ಯಪ್‌ನಲ್ಲಿ, ಹೆಸರು ಬೇಡ, 799ರ ಮೇಲೆ ತಗೊಂಡರೆ 100 ರೂಪಾಯಿ ಕಡಿಮೆ ಅಂತ ಕೂಪನ್ ಬಂತು. ನನಗೆ ಬೇಕಿದ್ದ ಸಾಮಾನು 640 ರೂಪಾಯಿಯದು. 799 ಮುಟ್ಟಿಸಬೇಕಲ್ಲ! ಒಂದು ಪಾಸ್ತಾ, ಒಂದು ಸಾಸ್ ಬಾಟಲಿ, ಒಂದು ಮಖಾನಾ ಪ್ಯಾಕೆಟ್ ಹಾಕಿದೆ. 805 ಆಯಿತು. ನೂರು ಹೋಗಿ 705. ಪರದೆ ಮೇಲೆ ಬಣ್ಣದ ಕಾಗದ ಹಾರಿತು, "ಅಭಿನಂದನೆ, 100 ಉಳಿಸಿದ್ದೀರಿ". ಸುಮ್ನೆ 640 ಕೊಟ್ಟು ಬರುತ್ತಿದ್ದವಳು 65 ರೂಪಾಯಿ ಜಾಸ್ತಿ ಕೊಟ್ಟು ಅಭಿನಂದನೆ ಮಾಡಿಸಿಕೊಂಡೆ. ಮಖಾನಾ ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಡಬ್ಬದಲ್ಲಿ ಇನ್ನೂ ಇದೆ, ಬೇಕಾದರೆ ಬನ್ನಿ.

ಅವತ್ತು ನಮ್ಮ ಅತ್ತೆ ಏನೂ ಅನ್ನಲಿಲ್ಲ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಕಡೆ ನೋಡಿದರು, ಅಷ್ಟೇ. ಅದರ ಚೌಕಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ತೊಗರಿಬೇಳೆ ಎಷ್ಟು, ಎಣ್ಣೆ ಎಷ್ಟು, ಎಲ್ಲಾ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ನಮ್ಮ ಬೀದಿಯ ಅಂಗಡಿ ಶೆಟ್ಟರು ಬೇಳೆಗೆ ಎರಡು ರೂಪಾಯಿ ಏರಿಸಿದರೂ ಅತ್ತೆ, "ಏನ್ ಶೆಟ್ರೆ, ಹೋದ ತಿಂಗಳು ಎಷ್ಟಿತ್ತು?" ಅನ್ನುತ್ತಾರೆ. ಶೆಟ್ಟರು ತಕ್ಷಣ ಒಂದು ಹಿಡಿ ಬೇಳೆ ಮೇಲೆ ಹಾಕುತ್ತಾರೆ. ಇದಕ್ಕೆ ಕೋಡ್ ಬೇಕಾ? ಒಟಿಪಿ ಬೇಕಾ?

ಬೆಲೆ ಬರೆಯುವಾಗ ಪ್ಯಾಕೆಟ್ಟಿನ ಬೆಲೆ ಬರೆಯಬೇಡಿ, ಕೆಜಿ ಲೆಕ್ಕದಲ್ಲಿ ಬರೆಯಿರಿ. ಯಾಕೆ ಅಂದರೆ ಪ್ಯಾಕೆಟ್ಟುಗಳು ನಾಟಕ ಆಡುತ್ತವೆ. ಎಣ್ಣೆ ಪೌಚ್ ನೋಡಲು ಥೇಟ್ ಒಂದು ಲೀಟರ್. ತಿರುಗಿಸಿ ನೋಡಿದರೆ 850 ಗ್ರಾಂ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅರವತ್ತು ಗ್ರಾಂ ಕಮ್ಮಿ ಇರುವುದರ ಮೇಲೆ ಹತ್ತು ರೂಪಾಯಿ ಕೂಪನ್ ಕೊಟ್ಟರೆ ಕುಣಿಯುತ್ತೀರಲ್ಲ!

ಅಕ್ಕಿ ಮೂಟೆ 25 ಕೆಜಿ ಇದ್ದದ್ದು 26 ಆಗಿದ್ದು ಯಾಕೆ ಗೊತ್ತಾ? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು. ಆದರೆ 25 ಕೆಜಿ ದಾಟಿದ ಮೂಟೆಗೆ ಇಲ್ಲ. ಮೂಟೆ ರಾತ್ರೋರಾತ್ರಿ ಒಂದು ಕೆಜಿ ದಪ್ಪ ಆಯಿತು. ನಮ್ಮ ಕ್ಯಾಲೆಂಡರ್ ಪ್ರಕಾರ ಸೋನಾ ಮಸೂರಿ 26 ಕೆಜಿ ಮೂಟೆ 1,560, ಅಂದರೆ ಕೆಜಿಗೆ 60. ಅದೇ ಅಕ್ಕಿ ಆ್ಯಪ್‌ನಲ್ಲಿ 10 ಕೆಜಿಗೆ 690, ಕೂಪನ್ ಹಾಕಿ 640. ಕೆಜಿಗೆ 64. ಐವತ್ತು ಉಳಿಸಿದೆ ಅಂತ ಕುಣಿದವರು ನಲವತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದಾರೆ.

ನಂದಿನಿ ಹಾಲು ನೆನಪಿದೆಯಾ? 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ 50 ಎಂಎಲ್ ಜಾಸ್ತಿ ಹಾಕಿದರು. ನೀಲಿ ಪ್ಯಾಕೆಟ್ ಅರ್ಧ ಲೀಟರ್ 22 ಇದ್ದದ್ದು 550 ಎಂಎಲ್‌ಗೆ 24. ಅರ್ಧ ಊರು ಬೆಲೆ ಏರಿತು ಅಂತು, ಇನ್ನರ್ಧ ಹಾಲು ಜಾಸ್ತಿ ಬಂತು ಅಂತು. ಅತ್ತೆ ಭಾಗಿಸಿ ನೋಡಿದರು. ನೂರು ಎಂಎಲ್‌ಗೆ ಮೊದಲು 4 ರೂಪಾಯಿ 40 ಪೈಸೆ, ಆಮೇಲೆ 4 ರೂಪಾಯಿ 36 ಪೈಸೆ. "ದರ ಹಾಗೇ ಇದೆ, ಆದರೆ ಬೇಡದ ಐವತ್ತು ಎಂಎಲ್‌ಗೂ ದುಡ್ಡು ಕೊಡಬೇಕು" ಅಂದರು. ಇವರನ್ನು ಹಣಕಾಸು ಇಲಾಖೆಗೆ ಕಳಿಸಬೇಕು. ಸಾರು ಮಾಡುವವರು ಇಲ್ಲ ಅಂತ ಸುಮ್ನಿದ್ದೇನೆ.

ಹಾಂ, ಈ ಕ್ಯಾಲೆಂಡರ್ ಲೆಕ್ಕದ ಪಟ್ಟಿಯನ್ನು ಕೆಳಗೆ ಲಿಂಕ್‌ನಲ್ಲಿ ಹಾಕಿದ್ದೇನೆ, ಪುಕ್ಕಟೆ. ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಹೊಸ ಮೈಕ್ ತಗೊಂಡಿದ್ದೇನೆ, ಧ್ವನಿ ಚೆನ್ನಾಗಿದೆಯಾ? ಆಫರ್‌ನಲ್ಲಿ ಸಿಕ್ಕಿತು. ಹಳೆ ಬೆಲೆ ಎಷ್ಟಿತ್ತು ಅಂತ ಕೇಳಬೇಡಿ, ಇದು ದಿನಸಿ ಎಪಿಸೋಡ್.

ಇನ್ನೊಬ್ಬರು ಬರೆದಿದ್ದಾರೆ, "ಅಮೆರಿಕದಲ್ಲಿ ಕೂಪನ್ ಕತ್ತರಿಸಿ ಗಾಡಿ ತುಂಬಾ ಸಾಮಾನು ಪುಕ್ಕಟೆ ತರುತ್ತಾರೆ." ಅಲ್ಲಿ ಕಂಪನಿ ಕೂಪನ್ ಬೇರೆ, ಅಂಗಡಿ ಕೂಪನ್ ಬೇರೆ. ಎಷ್ಟೋ ಕಡೆ ಎರಡನ್ನೂ ಒಂದೇ ಡಬ್ಬದ ಮೇಲೆ ಹಾಕಬಹುದು. ನಿಮ್ಮ ಆ್ಯಪ್‌ನಲ್ಲಿ ಎರಡು ಕೋಡ್ ಹಾಕಿ ನೋಡೋಣ. ಕೂಪನ್ ಹುಟ್ಟಿದ್ದಾದರೂ ಯಾಕೆ? 1880ರ ದಶಕದ ಕೊನೆಗೆ ಅಟ್ಲಾಂಟಾದಲ್ಲಿ ಕೋಕಾ-ಕೋಲಾದವರು ಚೀಟಿ ಹಂಚಿದರು. ತೋರಿಸಿದರೆ ಒಂದು ಗ್ಲಾಸ್ ಪುಕ್ಕಟೆ. ಜನರ ಐದು ಸೆಂಟ್ ಉಳಿಯಲಿ ಅಂತಲಾ? ರುಚಿ ಹತ್ತಲಿ ಅಂತ! ನನ್ನ ಮಖಾನಾದ ಮುತ್ತಾತ ಅದು.

ನಮ್ಮಲ್ಲಿ ಕಡಿತ ಲೆಕ್ಕ ಹಾಕುವುದು ಎಂಆರ್‌ಪಿ ಮೇಲೆ. ಎಂಆರ್‌ಪಿ ಅಂದರೆ ಇದಕ್ಕಿಂತ ಜಾಸ್ತಿ ಮಾರಬೇಡ ಅನ್ನುವ ಗೆರೆ. ಗೆರೆ ಎಳೆಯುವವನು ತಯಾರಿಸುವವನೇ. 2025ರ ಸೆಪ್ಟೆಂಬರ್ 22ಕ್ಕೆ ಸೋಪು, ಶಾಂಪೂ, ಟೂತ್‌ಪೇಸ್ಟ್ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಆ ಲೆಕ್ಕದಲ್ಲಿ 100ರ ಶಾಂಪೂ ಸುಮಾರು 89ಕ್ಕೆ ಬರಬೇಕು. ಕೂಪನ್ ಇಲ್ಲದೆ, ಯಾರ ದಯೆಯೂ ಇಲ್ಲದೆ. ಆ ಇಳಿದ ಬೆಲೆಯನ್ನೇ ಹಬ್ಬದ ಆಫರ್ ಅಂದುಕೊಂಡು ನನ್ನ ತಂಗಿ ಖುಷಿಪಟ್ಟಳು. ಹೋದ ತಿಂಗಳು ಎಷ್ಟಿತ್ತೇ ಅಂದೆ. ಫೋನ್ ಇಟ್ಟುಬಿಟ್ಟಳು.

"ಬರೆದಿಡೋಕೆ ಟೈಮ್ ಎಲ್ಲಿದೆ ಮೇಡಂ?" ಅಯ್ಯೋ ಪಾಪ. ಕೋಡ್ ಹುಡುಕಿಕೊಂಡು ಅರ್ಧ ಗಂಟೆ ಫೋನ್ ಉಜ್ಜಲು ಇದೆ, ಪೆನ್ಸಿಲ್ ಹಿಡಿಯಲು ಇಲ್ಲ. ತರಕಾರಿಗೆ ಬರೆಯುವುದೂ ಬೇಡ. ಹಾಪ್‌ಕಾಮ್ಸ್‌ನವರು ದಿನಾ ದರಪಟ್ಟಿ ಹಾಕುತ್ತಾರೆ, ನೋಡಿ ಸಾಕು. "ಕ್ರೆಡಿಟ್ ಕಾರ್ಡ್ ಆಫರ್ ಬಗ್ಗೆ ಏನಂತೀರಿ?" ಏನೂ ಅನ್ನಲ್ಲ. ಮುಂದಕ್ಕೆ ಹೋಗೋಣ.

ನಾಲ್ಕನೇ ಪಾಯಿಂಟ್ ಅಂತ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಅದರ ಮುಂದೆ ಏನೂ ಇಲ್ಲ. ಕಾಫಿ ಚೆಲ್ಲಿದೆ. ಇರಲಿ, ಅದೂ ಇದೇ ಇದ್ದಿರಬೇಕು. ಹೋದ ತಿಂಗಳು ಎಷ್ಟಿತ್ತು! ಕಾರ್ಟ್‌ಗೆ ಹಾಕುವ ಮೊದಲು ಕೇಳಿ, ಹಾಕಿದ ಮೇಲೆ ಕೇಳಿ, ಡೆಲಿವರಿ ಹುಡುಗ ಗೇಟಿಗೆ ಬಂದಾಗಲೂ ಕೇಳಿ. ಬೇಡ, ಆ ಹುಡುಗನನ್ನು ಕೇಳಬೇಡಿ, ಪಾಪ, ಅವನೇನು ಮಾಡುತ್ತಾನೆ.

1,840 ಉಳಿಸಿದ ಸ್ವಾಮಿ, ವಿಡಿಯೋ ನೋಡುತ್ತಿದ್ದೀರಾ? ಅರ್ಧ ಕೆಜಿ ತೊಗರಿಬೇಳೆ, ನಿಮ್ಮ ಏರಿಯಾದಲ್ಲಿ, ಹೋದ ತಿಂಗಳು ಎಷ್ಟಿತ್ತು? ಕಮೆಂಟ್‌ನಲ್ಲಿ ಹಾಕಿ. ಆ್ಯಪ್ ತೆಗೆದು ನೋಡುವ ಹಾಗಿಲ್ಲ. ಇದೋ, ಕುಕ್ಕರ್ ಮೂರನೇ ಸಲ ಕೂಗಿತು, ಅತ್ತೆ ಕೂಗುವ ಮೊದಲು ಹೋಗುತ್ತೇನೆ.