ಬೆಲ್ಟ್ ಹಿಡಿಯುವ ಕೈ

ಅಧ್ಯಕ್ಷರೇ, ಹಿರಿಯರೇ, ಕ್ಯಾಮೆರಾ ಹೊತ್ತು ಭುಜ ಸವೆಸಿಕೊಂಡ ಗೆಳೆಯರೇ,

ಸ್ಥಳೀಯ ವಾಹಿನಿಯ ವಿಡಿಯೋ ಪತ್ರಕರ್ತನ ವೃತ್ತಿಬದುಕಿನ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಒಪ್ಪಿಕೊಂಡದ್ದು, ಬಹುಕಾಲದಿಂದ ಮನಸ್ಸಿನಲ್ಲಿರುವ ಒಂದು ತಕರಾರನ್ನು ನಿಮ್ಮ ಮುಂದೆ ಇಡುವುದಕ್ಕಾಗಿ. ನಮ್ಮ ವೃತ್ತಿಯಲ್ಲಿ ಯಂತ್ರ ಹಗುರವಾದಾಗಲೆಲ್ಲ ಜೊತೆಗಿದ್ದ ಒಬ್ಬ ಮನುಷ್ಯ ಕಡಿಮೆಯಾಗಿದ್ದಾನೆ. ಅವನು ಮಾಡುತ್ತಿದ್ದ ಕೆಲಸ ಮಾತ್ರ ಹಾಗೆಯೇ ಉಳಿದು, ಉಳಿದವನ ಹೆಗಲಿಗೆ ಬಂದಿದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಕೆಎಂಒಎಕ್ಸ್ ಟಿವಿ 1974ರಲ್ಲಿ ಸುದ್ದಿಗೆ ಫಿಲಂ ಬಳಸುವುದನ್ನು ಪೂರ್ತಿಯಾಗಿ ಬಿಟ್ಟು ವಿಡಿಯೋ ಟೇಪಿಗೆ ಬದಲಾಯಿತು. ಫಿಲಂ ತೊಳೆಯುವವನು ಅಲ್ಲಿಗೆ ಬೇಡವಾದ. ಆದರೂ ಯು-ಮ್ಯಾಟಿಕ್ ಎಂಬ ಕ್ಯಾಸೆಟ್ ಟೇಪಿನ ಆ ಕಾಲದಲ್ಲಿ ರೆಕಾರ್ಡರ್ ಬೇರೆಯೇ ಇದ್ದುದರಿಂದ, ಅದನ್ನು ಹೆಗಲಿಗೇರಿಸಿಕೊಂಡು ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಒಬ್ಬ ಇರುತ್ತಿದ್ದ. 1982ರಲ್ಲಿ ಸೋನಿಯ ಬೀಟಾಕ್ಯಾಮ್ ಬಂದು, ರೆಕಾರ್ಡರ್ ಕ್ಯಾಮೆರಾದೊಳಗೇ ಸೇರಿತು, ಅವನೂ ಹೋದ. 1992ರಲ್ಲಿ ಆರಂಭವಾದ ನ್ಯೂಯಾರ್ಕಿನ ಎನ್‌ವೈ1 ವಾಹಿನಿ ಒಬ್ಬರೇ ಚಿತ್ರೀಕರಿಸಿ ಒಬ್ಬರೇ ವರದಿ ಮಾಡುವ ಪದ್ಧತಿಯನ್ನು ದಿನನಿತ್ಯದ ಕ್ರಮವಾಗಿಸಿತು. ಬಿಬಿಸಿ 2001ರಿಂದ ತನ್ನ ಪ್ರಾದೇಶಿಕ ಸಿಬ್ಬಂದಿಗೆ ಇದೇ ತರಬೇತಿ ಕೊಟ್ಟಿತು. ಹೀಗೆ ಇಬ್ಬರಿದ್ದಲ್ಲಿ ಒಬ್ಬ ಉಳಿದ. ಸಂಬಳವೂ ಒಬ್ಬನದೇ ಉಳಿಯಿತೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ನನ್ನದೊಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ಕೇಳಿದವರು ಇನ್ನೊಮ್ಮೆ ಸಹಿಸಿಕೊಳ್ಳಬೇಕು. ಜೊತೆಗಾರನಿಲ್ಲದೆ ಹೊರಟ ಮೊದಲ ತಿಂಗಳಲ್ಲಿ, ನೆರೆ ಸಂತ್ರಸ್ತರ ಶಿಬಿರಕ್ಕೆ ಸಚಿವರೊಬ್ಬರು ಬಂದಿದ್ದರು. ನೂಕುನುಗ್ಗಲಿನಲ್ಲಿ ರೆಕಾರ್ಡ್ ಗುಂಡಿಯನ್ನು ಅರಿವಿಲ್ಲದೆ ಎರಡು ಸಲ ಒತ್ತಿದ್ದೆ. ಅಲ್ಲಿಂದ ಮುಂದೆ ಎಲ್ಲವೂ ತಲೆಕೆಳಗು: ಚಾಲೂ ಮಾಡಿದೆನೆಂದುಕೊಂಡಾಗ ಕ್ಯಾಮೆರಾ ನಿಲ್ಲುತ್ತಿತ್ತು, ನಿಲ್ಲಿಸಿದೆನೆಂದುಕೊಂಡಾಗ ಓಡುತ್ತಿತ್ತು. ಕಚೇರಿಗೆ ಬಂದು ಟೇಪು ಹಾಕಿದರೆ ಸಚಿವರ ಭಾಷಣದ ಒಂದು ಪದವೂ ಇರಲಿಲ್ಲ. ಇದ್ದುದು ನನ್ನ ಕೆಸರು ಮೆತ್ತಿದ ಬೂಟು, ಅಲುಗಾಡುವ ನೆಲ, ಯಾರದೋ ಕೊಡೆಯ ತುದಿ, ಮತ್ತೆ ಬೂಟು. ಎಡಿಟರ್ ಹನ್ನೊಂದು ನಿಮಿಷ ಅದನ್ನೇ ಗಂಭೀರವಾಗಿ ನೋಡಿ, “ಫೋಕಸ್ ಚೆನ್ನಾಗಿದೆ” ಎಂದರು. ಬೂಟಿನ ದೃಶ್ಯದ ಹಿಂದೆ ಮಾತ್ರ ಒಬ್ಬ ಮುದುಕರ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು: “ಅವರು ಹೋದರೇನಪ್ಪಾ? ಇನ್ನು ಒಲೆ ಹಚ್ಚಬಹುದೇ?” ಆ ದಿನದ ನಿಜವಾದ ಸುದ್ದಿ ಅದಾಗಿತ್ತು. ಆದರೆ ಬೂಟಿನ ಚಿತ್ರದ ಮೇಲೆ ಅದನ್ನು ಪ್ರಸಾರ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಕ್ಯಾಮೆರಾದ ಮುಂಭಾಗದಲ್ಲಿ, ರೆಕಾರ್ಡ್ ಆಗುತ್ತಿರುವಾಗ ಉರಿಯುವ ಒಂದು ಕೆಂಪು ದೀಪವಿರುತ್ತದೆ. ಅದು ಕ್ಯಾಮೆರಾ ಹಿಡಿದವನಿಗಿಂತ ಎದುರಿಗಿದ್ದವರಿಗೇ ಚೆನ್ನಾಗಿ ಕಾಣುತ್ತದೆ. ಎದುರಿಗೆ ನಮ್ಮವನೊಬ್ಬನಿದ್ದಿದ್ದರೆ “ದೀಪ ಆರಿದೆ” ಎಂದು ಸನ್ನೆ ಮಾಡುತ್ತಿದ್ದ. ಮೆರವಣಿಗೆಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಚಿತ್ರೀಕರಿಸಿದವರಿಗೆಲ್ಲ ನೆನಪಿರಬಹುದು, ಹಿಂದಿನಿಂದ ನಮ್ಮ ಬೆಲ್ಟನ್ನು ಹಿಡಿದು ಚರಂಡಿ, ಕಲ್ಲು, ಮೆಟ್ಟಿಲು ತಪ್ಪಿಸುತ್ತಿದ್ದ ಆ ಕೈ. ವ್ಯೂಫೈಂಡರಿನಲ್ಲಿ ಬಲಗಣ್ಣಿಟ್ಟು ಎಡಗಣ್ಣನ್ನು ತೆರೆದಿಡಲು ಹೊಸಬರಿಗೆ ನಾವು ಕಲಿಸುತ್ತೇವೆ. ಬೆನ್ನಿಗೆ ಕಣ್ಣಿಡುವುದನ್ನು ಯಾವ ತರಬೇತಿಯಲ್ಲೂ ಕಲಿಸಲಾಗುವುದಿಲ್ಲ. ಕಲ್ಲು ತೂರಾಟದ ನಡುವೆ ಒಬ್ಬನನ್ನೇ ಕಳುಹಿಸುವ ಡೆಸ್ಕಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಒಬ್ಬನೇ ದುಡಿಯುವುದರಲ್ಲಿ ಲಾಭವಿಲ್ಲವೆಂದು ನಾನು ಹೇಳುತ್ತಿಲ್ಲ. ದುಃಖದಲ್ಲಿರುವ ಮನೆಯೊಳಗೆ ಮೂವರು ನುಗ್ಗುವುದಕ್ಕಿಂತ ಒಬ್ಬರು ಮೆಲ್ಲನೆ ಹೋಗಿ ಕೂರುವುದು ಮೇಲು. ಚಿತ್ರ ತೆಗೆದವರೇ ಸಂಕಲನ ಮಾಡಿದಾಗ ಯಾವ ಶಾಟಿನಲ್ಲಿ ಏನಿದೆಯೆಂದು ಹುಡುಕಬೇಕಾಗಿಲ್ಲ. ಆದರೆ ಅದು ಪತ್ರಕರ್ತನ ಆಯ್ಕೆಯಾಗಿರಬೇಕು, ಲೆಕ್ಕಪತ್ರ ವಿಭಾಗದ್ದಲ್ಲ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಭುಜನೋವು, ವಿಮೆ, ಗುತ್ತಿಗೆ ನೌಕರಿಯ ವಿಚಾರಗಳನ್ನು ಚರ್ಚೆಗೆ ಬಿಡುತ್ತೇನೆ. ಹಳೆಯ ಟೇಪುಗಳ ಮೇಲೆಯೇ ಮತ್ತೆ ಮತ್ತೆ ಚಿತ್ರೀಕರಿಸಿ ನಮ್ಮ ಊರುಗಳ ಇತಿಹಾಸವನ್ನು ನಾವೇ ಅಳಿಸಿಹಾಕಿದ ಕಥೆ ಇನ್ನೊಂದು ದಿನಕ್ಕಿರಲಿ.

ಕೊನೆಯದಾಗಿ, ಹಿಂದಿನ ಸಾಲಿನಲ್ಲಿ ಟ್ರೈಪಾಡಿನ ಪಕ್ಕ ಒಬ್ಬರೇ ನಿಂತು ಈ ಭಾಷಣವನ್ನು ಚಿತ್ರೀಕರಿಸುತ್ತಿರುವ ತಂಗಿಗೆ ಒಂದು ಮಾತು: ಎರಡು ನಿಮಿಷದಿಂದ ನಿಮ್ಮ ಕ್ಯಾಮೆರಾದ ಕೆಂಪು ದೀಪ ನನಗೆ ಕಾಣುತ್ತಿಲ್ಲ. ಬ್ಯಾಟರಿ ಬದಲಿಸಿಕೊಳ್ಳಿ ತಾಯಿ, ನಾನು ಕಾಯುತ್ತೇನೆ.